ಒಂದೂವರೆ ಪಟ್ಟು ಓಡುವ ಸೂಜಿ

ಸೂಜಿ ಮತ್ತೆ ನೆಗೆಯಿತು.

ಒಂಬೈನೂರರ ಹತ್ತಿರ ತೆಪ್ಪಗೆ ನಿಂತಿದ್ದದ್ದು ಎರಡು ಸಾವಿರಕ್ಕೆ ಹಾರಿತು, ಅಲ್ಲಿಂದ ಸೊನ್ನೆಗೆ ಬಿತ್ತು, ಆಮೇಲೆ ಏನೂ ಆಗದವರ ಹಾಗೆ ಬಂದು ತನ್ನ ಜಾಗದಲ್ಲಿ ಕೂತಿತು. ಎಂಜಿನ್ನಿನ ಸದ್ದಿನಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಈಗೇನಾಯ್ತು ಭಾವ?" ಸ್ಟಿಯರಿಂಗ್ ಕೆಳಗಿಂದ ಭಾಮೈದನ ದನಿ ಬಂತು. ಅಂಗಾತ ಮಲಗಿದ್ದ ಅವನ ಕಾಲೆರಡೂ ಲಾರಿಯ ಬಾಗಿಲಿಂದ ಆಚೆ ನೇತಾಡುತ್ತಿದ್ದವು.

"ಎಂಜಿನ್ ತೂಕಡಿಸ್ತಿದೆ, ಮೀಟರ್ ಕುಣೀತಿದೆ," ಅಂದರು ಬ್ರೇಕ್ ಸಾಹೇಬರು.

ಸಾಹೇಬರು ಬ್ರೇಕ್ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಹೆಸರು ಮಾತ್ರ ನಿವೃತ್ತಿಯಾಗಿರಲಿಲ್ಲ. ಗಾಡಿಗೆ ಸಂಬಂಧಪಟ್ಟ ಗಂಟು ಯಾವುದೇ ಇರಲಿ, ಜನ ಪೊಲೀಸರ ಹತ್ತಿರ ಹೋಗುವ ಮೊದಲು ಅವರ ಮನೆ ಬಾಗಿಲು ತಟ್ಟುತ್ತಿದ್ದರು. ಮೀಟರ್ ರಿಪೇರಿಯ ಭಾಮೈದ, ಅಂದರೆ ಹೆಂಡತಿಯ ತಮ್ಮ, ಇಂಥ ಹೊತ್ತಲ್ಲಿ ಅವರ ಬಲಗೈ. ಎಡಗೈಯೂ ಅವನೇ, ಯಾಕೆಂದರೆ ಸಾಹೇಬರ ಎಡ ಭುಜ ಈಚೆಗೆ ಮೇಲಕ್ಕೆ ಏಳುತ್ತಿರಲಿಲ್ಲ.

ಲಾರಿ ನಿಂತಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿದ್ದ ಶೆಡ್ಡಿನಲ್ಲಿ. ಉದ್ದ ಮೂತಿಯ, ಪೆಟ್ರೋಲ್ ಎಂಜಿನ್ನಿನ ಹಳೇ ಕಾಲದ ಲಾರಿ. ತಿಳಿಹಸಿರು ಬಣ್ಣ ಹೊಸದಾಗಿ ಮಿರುಗುತ್ತಿತ್ತು. ಭಾನುವಾರ ಹಳೇ ಗಾಡಿಗಳ ರ‍್ಯಾಲಿ. ಅಷ್ಟರೊಳಗೆ ಎಂಜಿನ್ನಿನ ಸುತ್ತು ಎಣಿಸುವ ಆರ್‌ಪಿಎಂ ಮೀಟರ್ ಸರಿಹೋಗಬೇಕು ಅನ್ನುವುದು ಲಾರಿಯ ಒಡೆಯರಾದ ಡಾಕ್ಟರ ಆಸೆ. ಅವರೂ ಪಕ್ಕದಲ್ಲೇ ನಿಂತಿದ್ದರು.

ಸಾಹೇಬರು ಬಂದಿದ್ದದ್ದು ಮೀಟರಿಗಾಗಿ ಅಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಪಾಠ ಹೇಳುತ್ತಿದ್ದ ಹೆಂಗಸಿಗಾಗಿ.

ಅವಳು ಡ್ರೈವಿಂಗ್ ಸ್ಕೂಲ್ ಟೀಚರ್. ಅವಳ ಅಪ್ಪ ಇಂಥದೇ ಒಂದು ಲಾರಿಯ ಡ್ರೈವರ್. ಅವಳು ಶಾಲೆಯಲ್ಲಿದ್ದಾಗ ಹೊಲಿಗೆ ಮಿಶನ್ನುಗಳ ಲೋಡು ಹಾಕಿಕೊಂಡು ಹೋದವರು ತಿರುಗಿ ಬರಲಿಲ್ಲ. ಲಾರಿಯೂ ಬರಲಿಲ್ಲ, ಲೋಡೂ ಸಿಗಲಿಲ್ಲ. ಲಾರಿಯ ಸಾಹುಕಾರ ಕಳ್ಳತನದ ದೂರು ಕೊಟ್ಟ. ಅಂದಿನಿಂದ ಅವಳು ಕಳ್ಳನ ಮಗಳು. ಇಪ್ಪತ್ತು ವರ್ಷದ ಮೇಲಾದರೂ ಆ ಹೆಸರು ಅವಳ ಬೆನ್ನು ಬಿಟ್ಟಿರಲಿಲ್ಲ.

ಹೋದ ವಾರ ಡಾಕ್ಟರಿಗೆ ಲಾರಿ ಓಡಿಸಲು ಕಲಿಸೋಕೆ ಬಂದು ಇದೇ ಕ್ಯಾಬಿನ್ನಿಗೆ ಹತ್ತಿ ಕೂತವಳು, "ಇದು ನಮ್ಮಪ್ಪನ ಲಾರಿ," ಅಂದುಬಿಟ್ಟಿದ್ದಳು. ಹೇಗೆ ಗೊತ್ತು ಅಂದರೆ ಹೇಳಲು ಬರಲಿಲ್ಲ. ಸಾಹೇಬರು ಚಾಸಿ ನಂಬರ್ ಉಜ್ಜಿ ನೋಡಿದರು, ಎಂಜಿನ್ ನಂಬರ್ ನೋಡಿದರು. ಎರಡೂ ಅವಳಪ್ಪನ ಲಾರಿಯವಲ್ಲ. ಯಾರೂ ತಿದ್ದಿರಲೂ ಇಲ್ಲ. ಅವಳು ಇಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದಳು. ಅವಳು ಹಾಗೆ ಇಳಿದು ಹೋದ ರೀತಿ ಸಾಹೇಬರ ಮನಸ್ಸಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

"ಕ್ಲಚ್ ಮೇಲಿಂದ ಕಾಲು ತೆಗೀರಿ ಅಂತ ಫೋನಲ್ಲೂ ಹೇಳ್ಬೇಕಾ?" ಅಂತ ಈಗ ಅವಳು ಆ ಕಡೆಯವರನ್ನು ಗದರಿಸುತ್ತಿದ್ದಳು.

"ಭಾವ, ಇದರ ಹಿಂದೆ ಕತ್ತು ತೂರಲ್ಲ," ಅಂದ ಭಾಮೈದ. "ಹಿಂದಿನ ನಟ್ಟು ಕಾಣಿಸ್ತಿಲ್ಲ. ಮೀಟರೇ ಕೆಟ್ಟಿದೆ ಅನ್ಸುತ್ತೆ. ಬಿಚ್ಚಿಬಿಡ್ಲಾ?"

"ಬಿಚ್ಚೋಕೆ ಯಾಕೆ ಅವಸರ, ಮೊದ್ಲು ನೋಡೋಣ ಇರಿ," ಅಂದರು ಡಾಕ್ಟರು. ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದರು. ರೋಗಿಗಳ ದವಡೆ ಹಲ್ಲು ನೋಡುವ ಕನ್ನಡಿ. ಡ್ಯಾಶ್‌ಬೋರ್ಡಿನ ಹಿಂದೆ ತೂರಿಸಿ ಟಾರ್ಚ್ ಬಿಟ್ಟರು.

"ಅರ್ಥ್ ವೈರಿನ ವಾಷರ್ ನೋಡಿ. ನೇರ ಪೇಂಟ್ ಮೇಲೆ ಕೂತಿದೆ. ಕಬ್ಬಿಣಕ್ಕೆ ತಾಗ್ತಾನೇ ಇಲ್ಲ."

ಭಾಮೈದ ಕನ್ನಡಿ ಇಸಕೊಂಡು ನೋಡಿದ. "ಹೌದಲ್ವಾ? ನಾನು ಮೀಟರ್ ಮೇಲೆ ಅಪವಾದ ಹಾಕ್ತಿದ್ದೆ," ಅಂದ. "ಡಾಕ್ಟ್ರೇ, ನಿಮ್ಮ ಕೈಗೆ ನನ್ನ ಹಲ್ಲು ಕೊಡಬಹುದು ಬಿಡಿ."

"ಕೊಡಿ. ಮೇಲಿನ ಸಾಲಲ್ಲಿ ಎರಡು ಆಗಲೇ ಕಾಯ್ತಿವೆ."

ಭಾಮೈದ ಬಾಯಿ ಮುಚ್ಚಿಕೊಂಡು ವಾಷರ್ ಸಡಿಲಿಸಿದ, ಅದರಡಿಯ ಪೇಂಟ್ ಕೆರೆದು ಬರಿಯ ಲೋಹ ಕಾಣಿಸುವಂತೆ ಮಾಡಿ ಮತ್ತೆ ಬಿಗಿದ. ಸೂಜಿಯ ಕುಣಿತ ಅಲ್ಲಿಗೆ ನಿಂತಿತು. ಡಾಕ್ಟರು ಆಕ್ಸಿಲರೇಟರ್ ಒತ್ತಿದರೆ ನಿಧಾನವಾಗಿ ಏರುವುದು, ಬಿಟ್ಟರೆ ನಿಧಾನವಾಗಿ ಇಳಿಯುವುದು. ಒಳ್ಳೇ ಮನೆತನದ ಸೂಜಿಯ ಹಾಗೆ.

ಸಾಹೇಬರು ಮಾತ್ರ ಆ ವಾಷರನ್ನೇ ಯೋಚಿಸುತ್ತಿದ್ದರು. ಅದರಡಿಯ ಪೇಂಟಿನ ಮೇಲೆ ಹಳೆಯ ಒತ್ತಿನ ಗುರುತೇ ಇರಲಿಲ್ಲ.

"ಇನ್ನೂ ಮುಗಿದಿಲ್ಲ," ಅಂದ ಭಾಮೈದ. "ಈ ಎಂಜಿನ್ ಐಡಲಿಂಗಲ್ಲಿ ಒಂಬೈನೂರು ಓಡ್ತಿದೆ ಅಂದ್ರೆ ನನ್ನ ಕಿವಿ ಒಪ್ಪಲ್ಲ."

ಅವನು ಬೋನೆಟ್ ಎತ್ತಿ ಎಂಜಿನ್ ನಿಲ್ಲಿಸಲು ಹೇಳಿ, ಫ್ಯಾನಿನ ಪುಲ್ಲಿ ಬಿಟ್ಟು ಎಂಜಿನ್ನಿನ ಜೊತೆಗೇ ಸುತ್ತುವ ಕೆಳಗಿನ ದೊಡ್ಡ ಪುಲ್ಲಿಗೆ ಬೆಳ್ಳಿ ಬಣ್ಣದ ಒಂದು ಪಟ್ಟಿ ಅಂಟಿಸಿದ. ಮತ್ತೆ ಸ್ಟಾರ್ಟ್ ಮಾಡಿಸಿ ಕೈಮೀಟರಿನ ಬೆಳಕನ್ನು ಅದಕ್ಕೆ ಹಿಡಿದ. ಪಟ್ಟಿ ಒಂದು ಸುತ್ತು ಬಂದಾಗಲೆಲ್ಲ ಕೈಮೀಟರ್ ಎಣಿಸುತ್ತದೆ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ಆರುನೂರು," ಅಂದ.

"ಇಲ್ಲಿ ಒಂಬೈನೂರು," ಅಂದರು ಕ್ಯಾಬಿನ್ನಿನಿಂದ ಸಾಹೇಬರು.

"ಸ್ವಲ್ಪ ಒತ್ತಿ ಭಾವ. ಹಾಂ. ಸಾವಿರದ ಇನ್ನೂರು."

"ಸಾವಿರದ ಎಂಟುನೂರು."

"ಇನ್ನೂ ಒತ್ತಿ. ಸಾವಿರದ ಆರುನೂರು."

"ಎರಡು ಸಾವಿರದ ನಾನೂರು."

ಸಾಹೇಬರು ಕಾಲು ತೆಗೆದರು. ಕೆಟ್ಟ ಮೀಟರ್ ಹೀಗೆ ತಪ್ಪುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಕೆಟ್ಟದ್ದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತೋರಿಸುತ್ತದೆ. ಇದು ಎಲ್ಲಿ ನೋಡಿದರೂ ಸರಿಯಾಗಿ ಒಂದೂವರೆ ಪಟ್ಟು.

"ಮೀಟರ್ ಗಟ್ಟಿಯಾಗಿದೆ," ಅಂದ ಭಾಮೈದ ಕೈ ಒರೆಸಿಕೊಳ್ಳುತ್ತ. "ಆದ್ರೆ ಇದು ಬೇರೆ ಎಂಜಿನ್ನಿನ ಲೆಕ್ಕ ಹೇಳ್ತಿದೆ. ಇದು ಎಣಿಸೋದು ಕಿಡಿಗಳನ್ನ. ಆರು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಮೂರು ಕಿಡಿ ಹೊಡೆಯುತ್ತೆ. ನಾಲ್ಕು ಸಿಲಿಂಡರಿನದು ಎರಡೇ. ಯಾರೋ ಇದಕ್ಕೆ ಎರಡು ಕಿಡಿಗೆ ಒಂದು ಸುತ್ತು ಅಂತ ಪಾಠ ಮಾಡಿದ್ದಾರೆ."

"ಈ ಮಾದರಿ ಲಾರಿ ನಾಲ್ಕು ಸಿಲಿಂಡರಲ್ಲಿ ಬಂದೇ ಇಲ್ಲ," ಅಂದರು ಡಾಕ್ಟರು. ಅಂದವರು ಯಾಕೋ ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡರು.

ಟೀಚರ್ ಇನ್ನೂ ಬಾಗಿಲಾಚೆ ಫೋನಿನಲ್ಲಿದ್ದಳು. ಸಾಹೇಬರು ತಗ್ಗಿದ ದನಿಯಲ್ಲಿ, "ಈಗ ಬಿಚ್ಚು," ಅಂದರು.

ಬೆಂಚಿನ ಮೇಲೆ ಬಟ್ಟೆ ಹಾಸಿ ಭಾಮೈದ ಮೀಟರಿನ ಹಿಂಬದಿಯ ಮುಚ್ಚಳ ತೆಗೆದ. ಒಳಗೆ ಧೂಳು ಕಡಿಮೆ. ಒಂದು ರೆಸಿಸ್ಟರ್ ಉಳಿದವುಗಳ ಹಾಗಿರಲಿಲ್ಲ. ಅದರ ಬೆಸುಗೆ ಉಂಡೆ ಉಂಡೆಯಾಗಿತ್ತು, ಕೈಯಲ್ಲಿ ಹಾಕಿದ್ದು. ಪಕ್ಕದಲ್ಲಿ ಅಳತೆ ಹೊಂದಿಸುವ ಚಿಕ್ಕ ತಿರುಪು. ಕಾರ್ಖಾನೆಯವರು ಅದು ಅಲುಗದಿರಲಿ ಅಂತ ಹಾಕುವ ಕೆಂಪು ಅರಗನ್ನು ಯಾರೋ ಕೆರೆದು ತೆಗೆದಿದ್ದರು. ಅದರ ಜಾಗದಲ್ಲಿ ಬೇರೇನೋ ಇತ್ತು.

ಡಾಕ್ಟರು ಬಗ್ಗಿ ನೋಡಿದರು. "ನೇಲ್ ಪಾಲಿಶ್," ಅಂದರು. "ನೇರಳೆ ಬಣ್ಣ. ಒಳಗೆ ಮಿನುಗೋ ಪುಡಿ ಬೇರೆ."

ಸಾಹೇಬರು ಮೀಟರಿನ ಮೇಲೆ ಬಟ್ಟೆ ಮುಚ್ಚಿದರು. "ಇಬ್ರೂ ಏನೂ ಮಾತಾಡ್ಬೇಡಿ. ಡಾಕ್ಟ್ರೇ, ನೀವು ಕೇಳಿಸ್ಕೊಳ್ತಿರಿ, ಸಾಕು."

ಟೀಚರ್ ಫೋನ್ ಇಟ್ಟು ಒಳಗೆ ಬಂದಳು. ಸಾಹೇಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟರು.

"ಅಲ್ಲಮ್ಮ, ನಿಮ್ಮಪ್ಪ ಓಡಿಸ್ತಿದ್ದ ಲಾರಿ ದಿಣ್ಣೆ ಹತ್ತೋವಾಗ ಹೇಗಿತ್ತು?"

ಅವಳಿಗೆ ಪ್ರಶ್ನೆ ವಿಚಿತ್ರವೆನಿಸಿತು. ಆದರೂ ಮುಖದಲ್ಲಿ ಸಣ್ಣ ನಗು ಬಂತು.

"ಅಯ್ಯೋ, ಅದು ಹತ್ತುತ್ತಿತ್ತಾ? ಏದುಸಿರು ಬಿಡ್ತಿತ್ತು. ಮೊದಲಿನ ಎಂಜಿನ್ ಸೀಳಿಹೋಯ್ತು ಅಂತ ಸಾಹುಕಾರ ಯಾವುದೋ ವ್ಯಾನಿನ ನಾಲ್ಕು ಸಿಲಿಂಡರ್ ಎಂಜಿನ್ ತಂದು ಕೂರಿಸಿದ್ದ. ಆನೆಗೆ ಮೇಕೆ ಹೃದಯ ಹಾಕಿದ್ದಾರೆ ಅಂತ ಅಪ್ಪ ಹೇಳ್ತಿದ್ರು."

"ಮೀಟರ್?"

"ಅದು ಸರಿಯಾಗಿ ತೋರಿಸ್ತಾ ಇರ್ಲಿಲ್ಲ. ನಮ್ಮ ಬೀದಿ ರೇಡಿಯೋ ರಿಪೇರಿಯವರು ಬಂದು ಸರಿ ಮಾಡಿದ್ರು, ನಮ್ಮನೆ ಜಗಲಿ ಮೇಲೆ ಕೂತು." ಅವಳು ಕಾಫಿ ಗುಟುಕರಿಸಿದಳು. "ಅವತ್ತು ನಾನು ಊಟ ಮಾಡದೆ ಮುನಿಸ್ಕೊಂಡು ಕೂತಿದ್ದೆ."

"ಯಾಕಮ್ಮ?"

"ತಿರುಪಿನ ಮೇಲೆ ಹಚ್ಚೋಕೆ ಅಂಟೋದು ಏನಾದ್ರೂ ಕೊಡಿ ಅಂದ್ರು. ಅಪ್ಪ ನನ್ನ ನೇಲ್ ಪಾಲಿಶ್ ಕೊಟ್ಟುಬಿಟ್ರು. ನನ್ನ ಹತ್ರ ಇದ್ದದ್ದೇ ಅದೊಂದು ಶೀಶೆ. ಕುಂಚವನ್ನ ಸೀಸದ ಕೊಳೆಯಲ್ಲಿ ಅದ್ದಿ ಹಾಳು ಮಾಡಿದ್ರು."

"ಯಾವ ಬಣ್ಣ ಅಂತ ನೆನಪಿದೆಯಾ?"

"ನೇರಳೆ," ಅಂದಳು. "ಒಳಗೆ ಮಿಂಚು ಇತ್ತು. ಮದುವೆಗೆ ಅಂತ ಎತ್ತಿಟ್ಟಿದ್ದೆ, ಚಿಕ್ಕಮ್ಮನ ಮದುವೆಗೆ."

ಸಾಹೇಬರು ಬಟ್ಟೆ ಸರಿಸಿದರು.

ಅವಳು ಬಗ್ಗಿ ನೋಡಿದಳು. ಬೆರಳು ಚಾಚಿದಳು, ಮುಟ್ಟಲಿಲ್ಲ. ಹೋದ ವಾರ ಈ ಸೀಟಿನಲ್ಲಿ ಕೂತಾಗ ಅವಳ ಕಣ್ಣು ಗುರುತಿಸಿದ್ದದ್ದು ಲಾರಿಯನ್ನಲ್ಲ, ಈ ಮೀಟರನ್ನು, ಇದರ ಮುಖವನ್ನು. ಅದು ಈಗ ಅವಳಿಗೂ ಅರ್ಥವಾಯಿತು, ಸಾಹೇಬರಿಗೂ ಅರ್ಥವಾಯಿತು.

"ಹಾಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ," ಅಂದಳು.

"ಇಲ್ಲಮ್ಮ."

ಯಾರೂ ಕೇಳದಿದ್ದರೂ ಡಾಕ್ಟರು ಒಳಗೆ ಹೋಗಿ ಕ್ಯಾಮೆರಾ ತಂದರು. ಹಲ್ಲಿನ ಹುಳುಕು ಹಿಡಿಯುವ ಹತ್ತಿರದ ಲೆನ್ಸ್. ಬೆಸುಗೆಯ ಉಂಡೆ, ನೇರಳೆಯ ತೊಟ್ಟು, ಒಣಗುವಾಗ ಅದರೊಳಗೆ ಸಿಕ್ಕಿಕೊಂಡಿದ್ದ ಕುಂಚದ ಒಂದು ಎಳೆ, ಎಲ್ಲ ಫೋಟೋದಲ್ಲಿ ನಿಚ್ಚಳವಾಗಿ ಬಂದವು.

"ಇದನ್ನ ಈಗ ಹೀಗೇ ಎತ್ತಿಡೋಣ," ಅಂದರು ಸಾಹೇಬರು. "ಭಾನುವಾರ ಮೀಟರ್ ಇಲ್ದೆ ಹೋಗಿ ಡಾಕ್ಟ್ರೇ."

ಬೇಡ ಅಂದವಳು ಟೀಚರ್. "ಫೋಟೋ ಇದೆ. ನೀವು ಮೂರು ಜನ ನೋಡಿದ್ದೀರಿ. ಸರಿ ಮಾಡಿ. ಇದು ಇಷ್ಟು ವರ್ಷ ತಪ್ಪು ತೋರಿಸಿದ್ದು ಸಾಕು."

ಸಾಹೇಬರು ಅವಳ ಮುಖ ನೋಡಿದರು, ಆಮೇಲೆ ಭಾಮೈದನಿಗೆ ತಲೆಯಾಡಿಸಿದರು.

ಅವನು ಕೈಬೆಸುಗೆಯ ರೆಸಿಸ್ಟರ್ ತೆಗೆದು ಡಬ್ಬಿಯಲ್ಲಿಟ್ಟ, ಆರು ಸಿಲಿಂಡರಿನ ಲೆಕ್ಕಕ್ಕೆ ಬೇರೆಯದನ್ನು ಹಾಕಿದ. ನೇರಳೆಯ ತೊಟ್ಟನ್ನು ಒಡೆಯದೆ ಬ್ಲೇಡಿನಿಂದ ಎಬ್ಬಿಸಿ ಅದನ್ನೂ ಡಬ್ಬಿಗೆ ಸೇರಿಸಿದ. ವೈರ್ ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಿಸಿದ. ಡಾಕ್ಟರು ಕೈಮೀಟರ್ ಓದುವುದು, ಭಾಮೈದ ತಿರುಪನ್ನು ಉಗುರಿನಷ್ಟು ತಿರುಗಿಸುವುದು. ಆರುನೂರಕ್ಕೆ ಆರುನೂರು ಬಂತು. ಸಾವಿರದ ಇನ್ನೂರಕ್ಕೂ ಬಂತು. ಮೇಲೆ ಹೋದಂತೆ ಸೂಜಿ ಸ್ವಲ್ಪ ಹಿಂದೆ ಬಿತ್ತು. ಮೇಲೆ ಸರಿ ಮಾಡಿದರೆ ಕೆಳಗೆ ಕೆಟ್ಟಿತು.

"ಎರಡು ತುದಿಯೂ ಒಟ್ಟಿಗೆ ಸಿಗಲ್ಲ. ಸ್ಪ್ರಿಂಗಿಗೆ ವಯಸ್ಸಾಗಿದೆ," ಅಂದ ಭಾಮೈದ.

"ಗಾಡಿ ಓಡೋ ಜಾಗದಲ್ಲಿ ಸರಿಯಿರ್ಲಿ," ಅಂದಳು ಟೀಚರ್. "ಗೇರ್ ಬದಲಾಯಿಸೋ ಕಡೆ. ಡ್ರೈವರ್ ನೋಡೋದು ಅಲ್ಲೇ."

ಹಾಗೇ ಮಾಡಿದ. ತಿರುಪಿನ ಮೇಲೆ ಹೊಸ ಅರಗು ಹಾಕಿ ಮೀಟರನ್ನು ಅದರ ಜಾಗದಲ್ಲಿ ಕೂರಿಸಿದ. ಎಂಜಿನ್ ನಿಂತಿತು. ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ, ಬಿಸಿ ಕಬ್ಬಿಣ ಆರುವ ಟಿಕ್ ಟಿಕ್ ಸದ್ದು ಉಳಿಯಿತು.

ಸಾಹೇಬರು ಒಂದು ಸ್ಟೂಲ್ ಎಳೆದು ಡಾಕ್ಟರ ಎದುರಿಗೆ ಕೂತರು.

"ಡಾಕ್ಟ್ರೇ, ಈ ಮೀಟರ್ ಲಾರಿ ಜೊತೆಗೇ ಬಂತು ಅಂದಿದ್ರಿ."

"ಹೌದು."

"ವಾಷರ್ ಕೆಳಗೆ ಹೊಸ ಪೇಂಟ್ ಇತ್ತು."

"ಎಲ್ಲಾ ಬಿಚ್ಚಿ ತಾನೇ ಪೇಂಟ್ ಹೊಡೆಸೋದು? ಆಮೇಲೆ ಕೂರಿಸಿದ್ದು."

"ಸರಿ. ಬೇರೆ ವೈರೆಲ್ಲ ಹಳೇ ಬಟ್ಟೆ ಸುತ್ತಿದವು. ಮೀಟರಿನದೊಂದೇ ಹೊಸದು."

"ಇಲಿ ಕಡಿದಿತ್ತು."

"ಇಲಿ ಬಹಳ ಆರಿಸಿ ತಿಂದಿದೆ," ಅಂದ ಭಾಮೈದ. ಸಾಹೇಬರು ಅವನತ್ತ ನೋಡಿದರು. ಅವನು ಸ್ಪ್ಯಾನರುಗಳನ್ನು ಒರೆಸತೊಡಗಿದ.

"ಹೋದ ವಾರ ನೀವೇ ಹೇಳಿದ್ರಿ," ಸಾಹೇಬರ ದನಿ ಸ್ವಲ್ಪವೂ ಏರಲಿಲ್ಲ, "ಈ ಎಂಜಿನ್ ಹುಟ್ಟಿದಾಗಿಂದ ಚಾಸಿ ಬಿಟ್ಟು ಇಳಿದಿಲ್ಲ ಅಂತ. ಲಾರಿ ಕಾಗದದ ನಂಬರೂ ಕೂಡಿಬಂತು, ನಾನೇ ನೋಡಿದೆ. ಆರು ಸಿಲಿಂಡರ್ ಬಿಟ್ಟು ಬೇರೆ ಎಂಜಿನ್ನೇ ಕಾಣದ ಲಾರಿಯ ಮೀಟರಿಗೆ ನಾಲ್ಕು ಸಿಲಿಂಡರಿನ ಲೆಕ್ಕ ಕಲಿಸಿದವರು ಯಾರು?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ರ‍್ಯಾಲಿಯಲ್ಲಿ ಅಸಲಿ ಸಾಮಾನಿಗೆ ಮಾರ್ಕ್ಸ್ ಕೊಡ್ತಾರೆ," ಅಂದರು ಕೊನೆಗೆ. "ಅದಕ್ಕೇ ಹಾಗಂದೆ. ಲಾರಿ ಬಂದಾಗ ಡ್ಯಾಶ್‌ಬೋರ್ಡಲ್ಲಿ ಮೀಟರಿನ ಜಾಗ ಬರೀ ತೂತು. ಎಲ್ಲೂ ಸಿಗ್ಲಿಲ್ಲ."

"ಎಲ್ಲಿ ಸಿಕ್ತು?"

"ನಾನು ಹುಡುಕಿದ್ದಲ್ಲ, ತಾನಾಗೇ ಬಂತು. ಹೋದ ಚಳಿಗಾಲ. ಹಲ್ಲಿಗೆ ಕ್ಯಾಪ್ ಹಾಕಿಸ್ಕೊಳ್ಳೋಕೆ ಒಬ್ಬರು ವಯಸ್ಸಾದ ಹೆಂಗಸು ಬಂದಿದ್ರು. ಕ್ಲಿನಿಕ್ ಗೋಡೆ ಮೇಲೆ ಲಾರಿ ಫೋಟೋ ಇದೆಯಲ್ಲ, ಅದನ್ನ ನೋಡ್ತಾ ನಿಂತುಬಿಟ್ರು. ಮುಂದಿನ ಸಲ ಬಂದಾಗ ಟವೆಲ್ಲಲ್ಲಿ ಸುತ್ತಿ ಇದನ್ನ ತಂದುಕೊಟ್ರು. ಮನೇಲಿ ಸುಮ್ನೆ ಬಿದ್ದಿದೆ, ಓಡೋ ಗಾಡೀಲಿ ಇರ್ಲಿ ಅಂದ್ರು. ಏನೂ ಕೇಳ್ಲಿಲ್ಲ."

"ಏನೂ?"

"ಎರಡು ಮಾತು ಕೇಳಿದ್ರು. ಯಾರು ಕೊಟ್ಟದ್ದು ಅಂತ ಯಾರಿಗೂ ಹೇಳ್ಬಾರ್ದು. ಮೀಟರ್ ಸರಿಯಾಗಿ ಓಡಿದ ದಿನ ಫೋನ್ ಮಾಡ್ಬೇಕು. ಒಪ್ಪಿದೆ."

ಟೀಚರ್ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಹೆಸರು ಹೇಳಿ ಡಾಕ್ಟ್ರೇ. ಬಹುಶಃ ಸಾಹುಕಾರನ ಮನೆಯವರು. ಅವನೇ ಲಾರಿ ಬಚ್ಚಿಟ್ಟು ಬಿಚ್ಚಿ ಮಾರಿರ್ಬೇಕು."

ಸಾಹೇಬರ ಅನುಮಾನವೂ ಈ ಒಂದು ವಾರ ಸಾಹುಕಾರನ ಮೇಲೆಯೇ ಇತ್ತು. ಅದಕ್ಕೇ ಅವರು ಟೀಚರ್ ತಾಯಿಯನ್ನು ಮಾತಾಡಿಸಲು ಎರಡು ಸಲ ಕೇಳಿದ್ದರು. ಹಳೇದನ್ನೆಲ್ಲ ಕೆದಕಬೇಡಿ ಅಂತ ಹೇಳಿಕಳಿಸಿ ಆಕೆ ತಂಗಿಯ ಮನೆಗೆ ಹೋಗಿ ಕೂತಿದ್ದರು.

"ಮಾತು ಕೊಟ್ಟಿದ್ದೀನಮ್ಮ," ಅಂದರು ಡಾಕ್ಟರು. "ನಿಮಗೆ ಎಷ್ಟು ಕಷ್ಟ ಅಂತ ಅರ್ಥವಾಗುತ್ತೆ. ಆದ್ರೆ ಅವರನ್ನ ಕೇಳದೆ ಹೇಳೋದು ತಪ್ಪು. ಒಂದು ಕೆಲಸ ಮಾಡ್ತೀನಿ. ಮೀಟರ್ ಹೇಗೂ ಸರಿಯಾಗಿದೆ. ನಿಮ್ಮೆದುರೇ ಫೋನ್ ಮಾಡ್ತೀನಿ, ವಿಷಯ ಹೇಳಿ ಒಪ್ಪಿಗೆ ಕೇಳ್ತೀನಿ. ಅವರು ಬೇಡ ಅಂದ್ರೆ ಮಾತ್ರ ನನ್ನನ್ನ ಒತ್ತಾಯ ಮಾಡ್ಬಾರ್ದು."

"ನ್ಯಾಯವಾದ ಮಾತು," ಅಂದರು ಸಾಹೇಬರು.

ಡಾಕ್ಟರು ನಂಬರ್ ಹುಡುಕಿ ಒತ್ತಿದರು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ ಫೋನನ್ನು ಲಾರಿಯ ಮಡ್‌ಗಾರ್ಡ್ ಮೇಲಿಟ್ಟರು. ಪರದೆಯ ಮೇಲೆ 'ಮೀಟರ್ ಅಮ್ಮ' ಅಂತ ಬಂತು.

ರಿಂಗ್ ಆಗುತ್ತಲೇ ಇತ್ತು. ಇನ್ನೇನು ಕಟ್ ಆಗಬೇಕು ಅನ್ನುವಾಗ ಆ ಕಡೆ ಎತ್ತಿದರು.

"ಏನ್ ಡಾಕ್ಟ್ರೇ, ಸೂಜಿ ಸರಿಹೋಯ್ತಾ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಸಾಹೇಬರು ಕೈ ಎತ್ತಿ ತಡೆದರು. ಅವರು ನೋಡುತ್ತಿದ್ದದ್ದು ಟೀಚರನ್ನು. ಅವಳು ಕಾಫಿ ಲೋಟವನ್ನು ಬೆಂಚಿನ ಮೇಲೆ ಸದ್ದಾಗದಂತೆ ಇಟ್ಟು ಫೋನಿನ ಹತ್ತಿರ ಬಂದಳು.

"ಅಮ್ಮ," ಅಂದಳು.

ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ನೀನು ಅಲ್ಲಿ ಏನ್ ಮಾಡ್ತಿದ್ದೀಯ?"

"ಇದು ಯಾರ ಹತ್ರ ಇತ್ತಮ್ಮ, ಇಷ್ಟು ವರ್ಷ?"

ಭಾಮೈದ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆ ಕಡೆಯಿಂದ ಅಳುವೂ ಇಲ್ಲ, ಗದರಿಕೆಯೂ ಇಲ್ಲ. ಆಮೇಲೆ ಬಂದ ದನಿ, ಮನೆಗೆ ಬಂದವರನ್ನು ಜಗಲಿ ಮೇಲೆ ಕೂರಿಸಿ ಒಳಗೆ ಹೋಗುವವರ ದನಿಯ ಹಾಗೆ ಸಾದಾ ಆಗಿತ್ತು.

"ನಾನು ಹೇಳಿದ್ರೆ ನೀನು ನಂಬಲ್ಲ. ಒಂದು ನಿಮಿಷ ಇರು. ನಿಮ್ಮಪ್ಪನ ಕೈಗೇ ಫೋನ್ ಕೊಡ್ತೀನಿ."